ಮಲಗುವ ಕೋಣೆ : ಒಂದು ವಿನ್ಯಾಸ ವಿಚಾರ

ಮನುಷ್ಯನು ತನ್ನ ಆಯುಷ್ಯದ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಅರವತ್ತು ವರ್ಷ ಬಾಳಿದವನು ಇಪ್ಪತ್ತು ವರ್ಷಗಳನ್ನು ಮಲಗುವ ಕೋಣೆಯಲ್ಲಿಯೇ ಕಳೆದಂತಾಯಿತು. ಆದರೂ ಮನೆ ಕಟ್ಟುವಾಗ ನಾವು ಹೆಚ್ಚಾಗಿ ಚಿಂತಿಸುವುದು ತಲೆಬಾಗಿಲಿನ ಅಂದವನ್ನು, ನಡುಮನೆಯ ವಿಸ್ತಾರವನ್ನು, ಬೀದಿಗೆ ಕಾಣುವ ಮುಂಭಾಗವನ್ನು. ಇವೆಲ್ಲ ಮುಗಿದ ಮೇಲೆ ಮಿಕ್ಕ ಮೂಲೆಗೆ ಒಂದು ಬಾಗಿಲಿಟ್ಟು ಅದನ್ನೇ ಮಲಗುವ ಕೋಣೆ ಎನ್ನುತ್ತೇವೆ. ಆ ಕೋಣೆಯನ್ನು ಕಟ್ಟಡ ವಿನ್ಯಾಸ ಶಾಸ್ತ್ರದ ಕಣ್ಣಿನಿಂದ ನೋಡಿದರೆ ಏನು ಕಾಣುತ್ತದೆ, ನಮ್ಮ ಮನೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಅದರಿಂದ ಏನು ಪ್ರಯೋಜನ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ವಿನ್ಯಾಸ ಶಾಸ್ತ್ರವೆಂದರೆ ಭವ್ಯ ಸೌಧಗಳ ಶಾಸ್ತ್ರವೆಂಬ ಭಾವನೆ ಹಲವರಲ್ಲಿದೆ. ವಾಸ್ತವವಾಗಿ ಅದು ಕೇಳುವ ಪ್ರಶ್ನೆಗಳು ಸರಳವಾದುವು. ಈ ಜಾಗದಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುತ್ತಾರೆ? ಅವರ ಮೈಗೆ ಎಷ್ಟು ಸ್ಥಳ ಬೇಕು? ಶಾಖ ಎಲ್ಲಿಂದ ಬರುತ್ತದೆ? ಗಾಳಿ ಎಲ್ಲಿಂದ ಒಳಬಂದು ಎಲ್ಲಿಂದ ಹೊರಹೋಗುತ್ತದೆ? ಬೆಳಕು ಯಾವಾಗ ಬರುತ್ತದೆ? ಕೋಣೆಯಲ್ಲಿರುವ ಪ್ರತಿಯೊಂದು ಸಾಮಾನೂ ಅಲ್ಲಿಯೇ ಏಕೆ ಇದೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಕೋಣೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ತಾನಾಗಿ ತಿಳಿಯುತ್ತದೆ.

ಹುಳುವಿನ ಮನೆ ಕಲಿಸಿದ ಪಾಠ

ಸಾತನೂರು ಮತ್ತು ಕನಕಪುರದ ಸುತ್ತಿನ ಹಳ್ಳಿಗಳವರಿಗೆ ಈ ಪ್ರಶ್ನೆಗಳು ಹೊಸವಲ್ಲ. ಇದು ರೇಷ್ಮೆಯ ಸೀಮೆ. ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಇವೆಲ್ಲವೂ ಗೊತ್ತು; ಆದರೆ ಹುಳುವಿನ ವಿಷಯದಲ್ಲಿ ಮಾತ್ರ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖವೂ ಶೇಕಡ 80ರಿಂದ 90ರಷ್ಟು ತೇವಾಂಶವೂ ಬೇಕು. ಬೆಳೆದ ಹುಳುವಿಗೆ 24, 25 ಡಿಗ್ರಿಯ ತಂಪೂ ಶೇಕಡ 70ರ ಆಸುಪಾಸಿನ ತೇವಾಂಶವೂ ಧಾರಾಳವಾದ ಗಾಳಿಯೂ ಬೇಕು. ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವ ವೇಳೆಗೆ ಹುಳುವಿನ ತೂಕ ಮೊಟ್ಟೆಯೊಡೆದು ಬಂದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟಾಗುತ್ತದೆ. ಆದುದರಿಂದ ಪ್ರತಿ ಜ್ವರದ ನಂತರವೂ ಹುಳುಗಳನ್ನು ಇನ್ನಷ್ಟು ಅಗಲಕ್ಕೆ ಹರಡಬೇಕು. ಒತ್ತಾಗಿ ಬಿಟ್ಟರೆ ರೋಗ ತಪ್ಪದು. 1980ರಲ್ಲಿ ಉಜಿ ನೊಣದ ಪಿಡುಗು ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಹುಳು ಸಾಕುವ ಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆ ಬಂದಿತು. ಶಾಖ, ಗಾಳಿ, ಅಂತರ, ರಕ್ಷಣೆ ಈ ನಾಲ್ಕನ್ನೂ ನಮ್ಮ ರೈತ ಯಾವ ಕಾಲೇಜಿಗೂ ಹೋಗದೆ ಕಲಿತಿದ್ದಾನೆ.

ಹಿಂದೆ ಹುಳುವಿನ ಮನೆ ಬೇರೆ, ವಾಸದ ಮನೆ ಬೇರೆ ಎಂಬ ಭೇದವಿರಲಿಲ್ಲ. ನಡುಮನೆಯಲ್ಲಿ ತಟ್ಟೆಗಳ ಅಟ್ಟಣೆ ನಿಂತರೆ ಮನೆಮಂದಿ ಅದು ಬಿಟ್ಟ ಜಾಗದಲ್ಲಿ ಮಲಗುತ್ತಿದ್ದರು. ಹುಳು ಹಣ್ಣಾದ ದಿನಗಳಲ್ಲಿ ಚಂದ್ರಿಕೆಗಳು ಜಗುಲಿಯನ್ನೂ ಆಕ್ರಮಿಸುತ್ತಿದ್ದುವು. ಬೆಳೆಗೆ ಮುಂಚೆ ಸಿಂಪಡಿಸಿದ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಹುಳುವಿನ ಮನೆಯ ಧೂಳು ಕೆಲವರಿಗೆ ಉಬ್ಬಸವನ್ನು ತರುತ್ತದೆಂಬುದನ್ನು ವೈದ್ಯರೂ ಗುರುತಿಸಿದ್ದಾರೆ. ಪ್ರತ್ಯೇಕ ಮನೆಯಲ್ಲಿ ಹುಳು ಸಾಕಬೇಕೆಂದು ರೇಷ್ಮೆ ಇಲಾಖೆ ಹೇಳುತ್ತ ಬಂದುದರ ಫಲವಾಗಿ, ಸೊಪ್ಪನ್ನು ರೆಂಬೆಯ ಸಮೇತ ಕೊಡುವ ಪದ್ಧತಿಯೂ ರೂಢಿಗೆ ಬಂದುದರಿಂದ, ಈಗ ಬಹುಮಂದಿ ತೋಟದ ಬಳಿ ಬೇರೆ ಮನೆಯನ್ನೇ ಕಟ್ಟಿಕೊಂಡಿದ್ದಾರೆ. ಹುಳು ಹೊರಗೆ ಹೋಯಿತು, ಕೋಣೆ ಮನುಷ್ಯರಿಗೆ ಮರಳಿ ಬಂದಿತು. ಆದರೆ ಹುಳುವಿನ ಜೊತೆಯಲ್ಲಿ ಆ ನಾಲ್ಕು ಪ್ರಶ್ನೆಗಳೂ ಹೊರಗೆ ಹೋದುವು. ಹುಳುವಿನ ಮನೆಯಲ್ಲಿ ಥರ್ಮಾಮೀಟರು ತೂಗುತ್ತದೆ, ಕಿಟಕಿಗೆ ಬಲೆಯಿದೆ. ಮಕ್ಕಳು ಮಲಗುವ ಕೋಣೆಯಲ್ಲಿ ಶಾಖವೆಷ್ಟು, ಸೊಳ್ಳೆಯೆಷ್ಟು ಎಂದು ಕೇಳಿದವರು ವಿರಳ.

ಹಳೆಯ ಮನೆಯಲ್ಲಿ ಮಲಗುವ ತಾಣ

ನಮ್ಮ ಸೀಮೆಯ ಹಳೆಯ ಮನೆಯಲ್ಲಿ ಮಲಗುವುದಕ್ಕೆಂದೇ ಮೀಸಲಾದ ಕೋಣೆ ಇರುತ್ತಿದ್ದುದು ಅಪರೂಪ. ಜಗುಲಿ, ತೊಟ್ಟಿ, ಅದರ ಸುತ್ತಲಿನ ಪಡಸಾಲೆ, ನಡುಮನೆ, ಒಳಗಿನ ಒಂದೆರಡು ಕತ್ತಲ ಕೋಣೆಗಳು, ಇವುಗಳಲ್ಲಿ ಎಲ್ಲಿ ಚಾಪೆ ಹಾಸಿದರೆ ಅದೇ ಮಲಗುವ ತಾಣ. ಹಾಸಿಗೆಯು ಋತುವನ್ನು ಹಿಂಬಾಲಿಸುತ್ತಿತ್ತು. ಬೇಸಿಗೆಯಲ್ಲಿ ಜಗುಲಿ, ಮಳೆಗಾಲದಲ್ಲಿ ಪಡಸಾಲೆ, ಮಾಗಿಯ ಚಳಿಯಲ್ಲಿ ಒಲೆಯ ಬೆಚ್ಚಗೆ ತಗುಲುವ ನಡುಮನೆ. ಬೆಳಗಾಗುತ್ತಲೇ ಚಾಪೆ ಸುರುಳಿಯಾಗಿ ಗೋಡೆಗೆ ಒರಗುತ್ತಿತ್ತು, ಕಂಬಳಿ ಗಳುವಿನ ಮೇಲೆ ಏರುತ್ತಿತ್ತು. ಗುಡಿಸಿ ಸಾರಿಸಿದ ಅದೇ ನೆಲದಲ್ಲಿ ಇಷ್ಟಲಿಂಗ ಪೂಜೆ, ಅನಂತರ ಪಂಕ್ತಿಭೋಜನ. ಇಷ್ಟಲಿಂಗವು ಅಂಗದ ಮೇಲೆಯೇ ಇರುವುದರಿಂದ ಪೂಜೆಗೆ ಮೀಸಲಾದ ಗೋಡೆಯಾಗಲಿ ಗರ್ಭಗುಡಿಯಾಗಲಿ ಬೇಕಾಗುವುದಿಲ್ಲ. ಶುಚಿಯಾದ ನೆಲ, ಶಾಂತವಾದ ಹೊತ್ತು ಸಾಕು. ಒಂದೇ ಜಾಗ ಹೊತ್ತಿಗೊಂದು ಕೆಲಸಕ್ಕೆ ಒದಗುವುದು ವಿನ್ಯಾಸ ಶಾಸ್ತ್ರ ಮೆಚ್ಚುವ ಗುಣ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದು ಸರಿಯಲ್ಲ. ಜಗುಲಿಯ ತಂಗಾಳಿ ಗಂಡಸರ ಪಾಲಿಗೆ ಬರುತ್ತಿತ್ತು. ಹೆಂಗಸರು ಮಲಗುತ್ತಿದ್ದುದು ಒಳಗೆ, ದವಸದ ವಾಡೆಗಳೂ ಪೆಟ್ಟಿಗೆಗಳೂ ತುಂಬಿದ, ಅಂಗೈಯಗಲದ ಬೆಳಕಿಂಡಿಯುಳ್ಳ ಕೋಣೆಯಲ್ಲಿ. ಬಾಣಂತಿಯನ್ನಂತೂ ಅದೇ ಕೋಣೆಯಲ್ಲಿ ಗಾಳಿ ಸೋಕದಂತೆ ಇರಿಸಿ, ಮಗ್ಗುಲಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಇಡುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದರೆ ಇಂಗಾಲದ ಮಾನಾಕ್ಸೈಡು ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರಿಗೆ ಪ್ರಾಣಾಪಾಯ. ಒಂದು ಮನೆಯ ವಿನ್ಯಾಸವನ್ನು ತೂಗುವಾಗ ಅಲ್ಲಿ ಅತ್ಯಂತ ಸುಖವಾಗಿ ಮಲಗುವವರನ್ನಲ್ಲ, ಅತ್ಯಂತ ಕಷ್ಟದಲ್ಲಿ ಮಲಗುವವರನ್ನು ಲೆಕ್ಕಕ್ಕೆ ಹಿಡಿಯಬೇಕು.

ಶಾಖದ ಲೆಕ್ಕ

ಉಷ್ಣದೇಶದ ಕಟ್ಟಡಗಳ ಶಾಸ್ತ್ರವನ್ನು ಜಗತ್ತಿಗೆ ಕೊಟ್ಟವರಲ್ಲಿ ಪ್ರಮುಖರಾದ ಆಟೊ ಕೋನಿಗ್ಸ್‌ಬರ್ಗರ್ ಅವರು ನಮ್ಮವರೇ ಎನ್ನಬಹುದಾದಷ್ಟು ಹತ್ತಿರದವರು. ಜರ್ಮನಿಯಲ್ಲಿ ಹುಟ್ಟಿದ ಇವರು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಇವರ ವಿನ್ಯಾಸ. ಮುಂದೆ ಲಂಡನ್ನಿನಲ್ಲಿ ಅಧ್ಯಾಪಕರಾಗಿದ್ದು, ಸಹಲೇಖಕರೊಡನೆ ಉಷ್ಣವಲಯದ ಕಟ್ಟಡಗಳನ್ನು ಕುರಿತು 1970ರ ದಶಕದಲ್ಲಿ ಪ್ರಕಟಿಸಿದ ಕೈಪಿಡಿ ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಆ ಶಾಸ್ತ್ರದ ಒಂದು ಮುಖ್ಯ ತತ್ತ್ವ ಇದು: ಗೋಡೆಯ ಹೊರಮೈಗೆ ತಾಗಿದ ಬಿಸಿಲು ಕೂಡಲೇ ಒಳಕ್ಕೆ ಬರುವುದಿಲ್ಲ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯನ್ನು ದಾಟಲು ಅದಕ್ಕೆ ಸುಮಾರು ಆರು ಗಂಟೆ ಬೇಕು.

ಇದರ ಅರ್ಥವನ್ನು ಮಲಗುವ ಕೋಣೆಗೆ ಅನ್ವಯಿಸಿ ನೋಡಬೇಕು. ಪಡುವಣ ಗೋಡೆಗೆ ಸಂಜೆ ನಾಲ್ಕು ಗಂಟೆಗೆ ಬಿದ್ದ ಬಿಸಿಲು ಕೋಣೆಯೊಳಕ್ಕೆ ಇಳಿಯುವುದು ರಾತ್ರಿ ಹತ್ತರ ಹೊತ್ತಿಗೆ, ಅಂದರೆ ಸರಿಯಾಗಿ ನಾವು ಮಲಗುವ ಹೊತ್ತಿಗೆ. ಯಜಮಾನನ ಮಲಗುವ ಕೋಣೆ ನೈಋತ್ಯದಲ್ಲಿರಬೇಕೆಂಬುದು ಬಹುಜನರ ನಂಬಿಕೆ. ಆ ನಂಬಿಕೆಯನ್ನು ಪಾಲಿಸುವವರು ಪಾಲಿಸಲಿ. ಆದರೆ ನೈಋತ್ಯ ಮೂಲೆಯೇ ಮಧ್ಯಾಹ್ನದ ಬಿಸಿಲನ್ನು ಹೆಚ್ಚು ಹೊತ್ತು ಹೊರುವ ಮೂಲೆ ಎಂಬುದನ್ನು ಮರೆಯಬಾರದು. ಹಿಂದಿನವರು ಅಲ್ಲಿ ಎರಡಡಿ ದಪ್ಪದ ಮಣ್ಣಿನ ಗೋಡೆ ಹಾಕಿ, ಸೂರನ್ನು ಮುಂದಕ್ಕೆ ಚಾಚಿ ಗೋಡೆಯನ್ನು ನೆರಳಿನಲ್ಲಿರಿಸುತ್ತಿದ್ದರು. ದಿಕ್ಕನ್ನು ಮಾತ್ರ ಉಳಿಸಿಕೊಂಡು ದಪ್ಪವನ್ನೂ ಸೂರನ್ನೂ ಕೈಬಿಟ್ಟರೆ ದೊರೆಯುವುದು ಬೇಗೆ.

ಗೋಡೆಗಿಂತಲೂ ದೊಡ್ಡ ಶಾಖದ ಮೂಲ ಮಾಳಿಗೆ. ಸಾತನೂರು ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಸಮೀಪದಲ್ಲಿದೆ. ಏಪ್ರಿಲ್ ಕೊನೆಯ ಭಾಗದಲ್ಲೂ ಆಗಸ್ಟ್ ಮೂರನೆಯ ವಾರದ ಸುಮಾರಿಗೂ ನಡುಹಗಲಿನ ಸೂರ್ಯ ನೇರವಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ನಡುವಿನ ದಿನಗಳಲ್ಲಿ ತುಸು ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಬೇಸಿಗೆಯ ಬಿಸಿಲಿನ ಬಹುಪಾಲು ಬೀಳುವುದು ಮನೆಯ ತಲೆಯ ಮೇಲೆ. ನಾಡಹೆಂಚಿನ ಮಾಡು ಬೇಗ ಕಾದರೂ ಸಂಜೆಯಾದ ಮೇಲೆ ಬೇಗ ಆರುತ್ತದೆ, ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ. ಕಲ್ಲು ಚಪ್ಪಡಿಯ ಮಾಳಿಗೆಯೂ ಕಾಂಕ್ರೀಟಿನ ತಾರಸಿಯೂ ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿಯಲ್ಲಿ ಕೆಳಗೆ ಮಲಗಿದವರ ಮೈಮೇಲೆ ಸುರಿಯುತ್ತವೆ. ತಗಡಿನ ಶೀಟು ಹಗಲಿನಲ್ಲಿಯೇ ಒಲೆಯಾಗುತ್ತದೆ. ಕಾಂಕ್ರೀಟು ಬೇಡವೆಂದು ಹೇಳುವಂತಿಲ್ಲ. ಅದು ಗಟ್ಟಿ, ಬಾಳಿಕೆಯುಳ್ಳದ್ದು. ಆದರೆ ತಾರಸಿಗೆ ಸುಣ್ಣದ ಬಿಳಿ ಬಳಿಯುವುದು, ಅದರ ಮೇಲೆ ಹೆಂಚಿನ ಪದರ ಹಾಸುವುದು, ಪಡುವಣ ಗೋಡೆಯ ಬಳಿ ಬೇವನ್ನೋ ಹೊಂಗೆಯನ್ನೋ ಬೆಳೆಸುವುದು, ಇವು ಅಲ್ಪ ವೆಚ್ಚದ ಉಪಾಯಗಳು. ಹೊಂಗೆಯ ನೆರಳಿನ ತಂಪನ್ನು ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಗಾಳಿಯ ದಾರಿ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಒಂದು ಸಾವಿರ ಘನ ಅಡಿ, ಎಂದರೆ ಸುಮಾರು 28,000 ಲೀಟರು ಗಾಳಿ ಹಿಡಿಯುತ್ತದೆ. ಮಲಗಿರುವ ವಯಸ್ಕನೊಬ್ಬ ಗಂಟೆಗೆ ಸುಮಾರು 12 ಲೀಟರು ಇಂಗಾಲಾಮ್ಲವನ್ನು ಉಸಿರಿನಲ್ಲಿ ಹೊರಬಿಡುತ್ತಾನೆ. ಇಬ್ಬರು ಏಳು ಗಂಟೆ ಮಲಗಿದರೆ 168 ಲೀಟರು. ಕೋಣೆ ಪೂರ್ತಿ ಮುಚ್ಚಿದ್ದರೆ ಬೆಳಗಿನ ಹೊತ್ತಿಗೆ ಅದರ ಪ್ರಮಾಣ ಶೇಕಡ 0.6ರಷ್ಟು ಹೆಚ್ಚುತ್ತದೆ, ಹೊರಗಿನ ಗಾಳಿಯಲ್ಲಿರುವುದು ಶೇಕಡ 0.04ರಷ್ಟು ಮಾತ್ರ. ಬಾಗಿಲಿನ ಸಂದುಗೊಂದುಗಳಿಂದ ಸ್ವಲ್ಪ ಗಾಳಿ ಆಡುವುದರಿಂದ ವಾಸ್ತವದಲ್ಲಿ ಅಷ್ಟಾಗದಿರಬಹುದು. ಆದರೂ ಕಿಟಕಿ ಮುಚ್ಚಿ ಮಲಗಿದವರು ಬೆಳಿಗ್ಗೆ ತಲೆಭಾರದಿಂದ ಏಳುವುದಕ್ಕೆ ಕಾರಣ ಈ ಲೆಕ್ಕದಲ್ಲಿಯೇ ಇದೆ. ಅದೇ ಕೋಣೆಯಲ್ಲಿ ನಾಲ್ವರು ಮಕ್ಕಳನ್ನು ಮಲಗಿಸಿದರೆ ಏನಾದೀತೆಂಬುದನ್ನು ಓದುಗರೇ ಊಹಿಸಬಹುದು. ಫ್ಯಾನು ಇದಕ್ಕೆ ಪರಿಹಾರವಲ್ಲ. ಅದು ಇದ್ದ ಗಾಳಿಯನ್ನು ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ.

1970ರಲ್ಲಿ ಮೊದಲು ಪ್ರಕಟವಾಗಿ 1983, 2005 ಮತ್ತು 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ನೆಲದ ವಿಸ್ತೀರ್ಣದ ಹನ್ನೆರಡನೆಯ ಒಂದು ಭಾಗದಿಂದ ಆರನೆಯ ಒಂದು ಭಾಗದವರೆಗೆ, ಹವಾಗುಣಕ್ಕೆ ತಕ್ಕಂತೆ, ಕಿಟಕಿಗಳಿರಬೇಕೆಂದು ವಿಧಿಸಿದೆ. ಮಧ್ಯಮ ಹವೆಗೆ ಎಂಟನೆಯ ಒಂದು ಭಾಗ. ನೂರು ಚದರಡಿಯ ಕೋಣೆಗೆ ಇದು ಹನ್ನೆರಡೂವರೆ ಚದರಡಿಯಾಯಿತು. ಇದನ್ನು ಒಂದೇ ಗೋಡೆಯಲ್ಲಿ ಒಂದು ದೊಡ್ಡ ಕಿಟಕಿಯಾಗಿ ಇಡುವುದಕ್ಕಿಂತ ಎರಡು ಗೋಡೆಗಳಲ್ಲಿ ಎರಡು ಚಿಕ್ಕ ಕಿಟಕಿಗಳಾಗಿ ಇಡುವುದು ಮೇಲು. ಹೋಗಲು ದಾರಿಯಿಲ್ಲದ ಕೋಣೆಗೆ ಗಾಳಿ ಬರುವುದೂ ಇಲ್ಲ.

ಎಷ್ಟು ಎತ್ತರದಲ್ಲಿ ಎಂಬುದೂ ಮುಖ್ಯ. ರೂಢಿಯಲ್ಲಿ ಕಿಟಕಿಯನ್ನು ನೆಲದಿಂದ ಮೂರಡಿಯ ಮೇಲೆ ಇಡುತ್ತಾರೆ. ಅದು ನಿಂತವನಿಗೂ ಕುರ್ಚಿಯಲ್ಲಿ ಕುಳಿತವನಿಗೂ ಮಾಡಿದ ಅಳತೆ. ಚಾಪೆಯ ಮೇಲೆ ಮಲಗಿದ ಮಗುವಿನ ಮೇಲಿಂದ ಆ ಗಾಳಿ ಹಾದುಹೋಗುತ್ತದೆ, ಮೈಗೆ ಸೋಕುವುದಿಲ್ಲ. ನೆಲದ ಮೇಲೆ ಮಲಗುವವರ ಕೋಣೆಯಲ್ಲಿ ಕಿಟಕಿಯ ಕೆಳಅಂಚು ಒಂದೂವರೆ ಅಡಿಗೆ ಇಳಿದಿರಬೇಕು, ಸರಳುಗಳು ಒತ್ತಾಗಿರಬೇಕು, ಮೇಲೆ, ಮಾಳಿಗೆಯ ಕೆಳಗೆ, ಬಿಸಿಗಾಳಿ ಹೋಗಲು ಗವಾಕ್ಷಿ ಇರಬೇಕು. ಉಜಿ ನೊಣವನ್ನು ತಡೆದ ಬಲೆ ಸೊಳ್ಳೆಯನ್ನೂ ತಡೆಯಬಲ್ಲದು. ಕಿಟಕಿಗೆ ಬಲೆಯಿದ್ದರೆ ಸೊಳ್ಳೆಗೆ ಹೆದರಿ ಅದನ್ನು ಮುಚ್ಚುವ ಪ್ರಮೇಯವೇ ಬರುವುದಿಲ್ಲ.

ಅಳತೆ ಮತ್ತು ಸಾಮಾನು

ಅದೇ ಸಂಹಿತೆ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರು ವಿಸ್ತೀರ್ಣವನ್ನೂ 2.4 ಮೀಟರು ಅಗಲವನ್ನೂ 2.75 ಮೀಟರು ಎತ್ತರವನ್ನೂ ಹೇಳುತ್ತದೆ. ನಮ್ಮ ಹತ್ತಡಿ ಚದರದ ಕೋಣೆ ಈ ಕನಿಷ್ಠಕ್ಕೆ ಸ್ವಲ್ಪ ಕಡಿಮೆಯೇ. ಅದರಲ್ಲಿ ಆರೂವರೆ ಅಡಿಗೆ ಐದಡಿಯ ಜೋಡಿಮಂಚ ಹಾಕಿದರೆ ಮೂವತ್ತೆರಡೂವರೆ ಚದರಡಿ ಹೋಯಿತು. ಕಬ್ಬಿಣದ ಬೀರು ನಾಲ್ಕೂವರೆ, ಒಂದು ಮೇಜು ಎಂಟು, ಬಾಗಿಲು ತೆರೆದುಕೊಳ್ಳುವ ಜಾಗ ಒಂಬತ್ತು. ಅರ್ಧಕ್ಕಿಂತ ಹೆಚ್ಚು ನೆಲ ಮುಗಿದೇಹೋಯಿತು. ಉಳಿದುದು ಒಂದೇ ಕಡೆ ಇರದೆ ಅಲ್ಲಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಇದಕ್ಕೆ ಹೋಲಿಸಿದರೆ ನಾಲ್ಕು ಚಾಪೆಗಳು ರಾತ್ರಿ ಅರವತ್ತು ಚದರಡಿಯನ್ನು ತೆಗೆದುಕೊಂಡರೂ ಹಗಲಿನಲ್ಲಿ ಇಡೀ ಕೋಣೆಯನ್ನು ಬಿಟ್ಟುಕೊಡುತ್ತವೆ. ಆ ಬಿಡುವು ಓದುವ ಮಕ್ಕಳಿರುವ ಮನೆಯಲ್ಲಿ ಸಾಮಾನ್ಯವಾದುದಲ್ಲ. ಮುದುಕರಿಗೂ ಗರ್ಭಿಣಿಯರಿಗೂ ಮಂಚ ಅಗತ್ಯ. ನೆಲದಿಂದ ಏಳುವ ಶ್ರಮ ಅವರಿಗೆ ತಪ್ಪಬೇಕು. ಹಾಗಾಗಿ ಮಂಚವೋ ಚಾಪೆಯೋ ಎಂಬುದು ಅಂತಸ್ತಿನ ಪ್ರಶ್ನೆಯಲ್ಲ, ಮಲಗುವವರು ಯಾರು ಎಂಬ ಪ್ರಶ್ನೆ.

ಮಂಚ ಹಾಕಿದಲ್ಲಿ ಅದರ ಒಂದು ಮಗ್ಗುಲಿಗಾದರೂ ಎರಡಡಿ ದಾರಿ ಬಿಡಬೇಕು. ಬಾಗಿಲನ್ನು ಗೋಡೆಯ ನಡುವೆ ಇಡದೆ ಮೂಲೆಯ ಸಮೀಪದಲ್ಲಿಟ್ಟರೆ ಉಳಿದ ಗೋಡೆ ಅಖಂಡವಾಗಿ ಸಾಮಾನಿಗೆ ಒದಗುತ್ತದೆ. ಬೀರುವನ್ನು ಕಿಟಕಿಗೆ ಅಡ್ಡವಾಗಿ ನಿಲ್ಲಿಸುವುದು ಎಲ್ಲೆಡೆ ಕಾಣುವ ತಪ್ಪು. ಹಳೆಯ ಮನೆಯ ಗೋಡೆಗೂಡು, ಅಟ್ಟ, ಗಳು ಇವು ಮೂರೂ ನೆಲವನ್ನು ಆಕ್ರಮಿಸದೆ ಸಾಮಾನು ಹಿಡಿಯುತ್ತಿದ್ದುವು. ಹೊಸ ಗೋಡೆಯಲ್ಲೂ ಕಡಪದ ಕಲ್ಲಿನ ಗೂಡುಗಳನ್ನು ಮಾಡಿಸಿದರೆ ಬೀರುವಿನ ಖರ್ಚೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ.

ಬೆಳಕಿನ ವಿಚಾರವಾಗಿ ಒಂದು ಮಾತು. 1977ರಲ್ಲಿ ಪ್ರಕಟವಾದ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಎಂಬ ಗ್ರಂಥದಲ್ಲಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಹಲೇಖಕರು ಒಳ್ಳೆಯ ಕಟ್ಟಡಗಳ 253 ಲಕ್ಷಣಗಳನ್ನು ವಿವರಿಸಿದ್ದಾರೆ. ಮಲಗುವ ತಾಣಕ್ಕೆ ಮೂಡಣ ಬೆಳಕು ಸೋಕಬೇಕೆಂಬುದು ಅವುಗಳಲ್ಲೊಂದು. ಮುಂಜಾವಿನ ಬೆಳಕು ದೇಹವನ್ನು ಮೆಲ್ಲಗೆ ಎಚ್ಚರಿಸುತ್ತದೆಂಬುದು ಅವರ ವಾದ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಪೂಜೆಗೆ ಕೂರುವ ಸಂಪ್ರದಾಯದವರಿಗೆ ಈ ಮಾತನ್ನು ಒಪ್ಪಲು ಕಷ್ಟವಾಗದು.

ಆಶ್ರಯವೆಂಬ ಮೂರನೆಯ ದಾಸೋಹ

ಈ ವಿಚಾರವನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಲು ಕಾರಣವಿದೆ. ನಮ್ಮ ಮಠಮಾನ್ಯಗಳು ವಿದ್ಯಾರ್ಥಿನಿಲಯಗಳನ್ನು ತೆರೆದಿರದಿದ್ದರೆ ನಾಡಿನ ಸಾವಿರಾರು ಬಡ ಮಕ್ಕಳಿಗೆ ವಿದ್ಯೆ ಗಗನಕುಸುಮವಾಗುತ್ತಿತ್ತು. ತುಮಕೂರಿನ ಶ್ರೀ ಸಿದ್ಧಗಂಗಾ ಮಠದಲ್ಲಿ 2019ರಲ್ಲಿ ಲಿಂಗೈಕ್ಯರಾದ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳನ್ನು ತ್ರಿವಿಧ ದಾಸೋಹವಾಗಿ ನಡೆಸಿ ತೋರಿದರು. ಅನ್ನದ ಲೆಕ್ಕ ಪಂಕ್ತಿಯಲ್ಲಿ ಕಾಣುತ್ತದೆ. ಅಕ್ಷರದ ಲೆಕ್ಕ ಪರೀಕ್ಷೆಯ ಫಲಿತಾಂಶದಲ್ಲಿ ಕಾಣುತ್ತದೆ. ಆಶ್ರಯದ ಲೆಕ್ಕ ಎಲ್ಲಿ ಕಾಣಬೇಕು? ಮಕ್ಕಳು ಮಲಗಿದ ಮೇಲೆ ಆ ಕೋಣೆಯನ್ನು ನೋಡುವವರು ನಿಲಯಪಾಲಕರೊಬ್ಬರೇ.

ವಿದ್ಯಾರ್ಥಿನಿಲಯದ ಮಲಗುವ ಹಜಾರಕ್ಕೆ ಮೇಲಿನ ನಿಯಮಗಳೆಲ್ಲ ಇನ್ನೂ ಬಿಗಿಯಾಗಿ ಅನ್ವಯಿಸುತ್ತವೆ. ಹಾಸಿಗೆ ಹಾಸಿಗೆಗಳ ನಡುವೆ ಮೂರಡಿ ಅಂತರವಿದ್ದರೆ ಒಬ್ಬನ ಕೆಮ್ಮು ಇನ್ನೊಬ್ಬನಿಗೆ ಸುಲಭವಾಗಿ ಹರಡದು. ಅಷ್ಟು ಜಾಗವಿಲ್ಲದಿದ್ದರೆ ಒಬ್ಬನ ತಲೆಯ ಕಡೆ ಮಗ್ಗುಲವನ ಕಾಲು ಬರುವಂತೆ ಮಲಗಿಸಬಹುದು. ಪೆಟ್ಟಿಗೆಗಳನ್ನು ಹಾಸಿಗೆಯ ಬಳಿ ರಾಶಿ ಹಾಕದೆ ಗೋಡೆಗೂಡುಗಳಲ್ಲಿಡಬೇಕು. ಬೆಂಕಿಯ ಅವಘಡವಾದರೆ ಹೊರಗೋಡಲು ಎರಡು ಬಾಗಿಲುಗಳಿರಬೇಕು. ಎರಡೂ ಹೊರಕ್ಕೆ ತೆರೆಯಬೇಕು, ರಾತ್ರಿ ಯಾವುದಕ್ಕೂ ಹೊರಗಿನಿಂದ ಬೀಗ ಹಾಕಕೂಡದು.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಎಂಟನೆಯ ತರಗತಿಯ ಮಕ್ಕಳಿಗೆ ಕ್ಷೇತ್ರಫಲವನ್ನು ಬೋಧಿಸುವಾಗ ಪುಸ್ತಕದ ಆಯತಗಳ ಜೊತೆಗೆ ಅವರವರು ಮಲಗುವ ಕೋಣೆಯ ನಕ್ಷೆಯನ್ನೂ ಬರೆಯಿಸಬಹುದು. ಒಂದು ಟೇಪು, ಒಂದು ಥರ್ಮಾಮೀಟರು ಸಾಕು. ನೆಲವೆಷ್ಟು, ಕಿಟಕಿಯೆಷ್ಟು, ಮಲಗುವವರೆಷ್ಟು, ಸಂಜೆ ಆರಕ್ಕೂ ರಾತ್ರಿ ಹತ್ತಕ್ಕೂ ಶಾಖವೆಷ್ಟು ಎಂದು ಗುರುತು ಮಾಡಿದರೆ ಗಣಿತವೂ ವಿಜ್ಞಾನವೂ ಆರೋಗ್ಯಶಾಸ್ತ್ರವೂ ಒಂದೇ ಹಾಳೆಯಲ್ಲಿ ಸೇರುತ್ತವೆ. ಮನೆಯಲ್ಲಿ ಎಲ್ಲರಿಗಿಂತ ಕೆಟ್ಟ ಜಾಗದಲ್ಲಿ ಮಲಗುವವರು ಅಮ್ಮನೋ ಅಜ್ಜಿಯೋ ಎಂಬುದು ಆ ಮಗುವಿಗೆ ಅಂದೇ ಗೊತ್ತಾಗಬಹುದು. ಚಾಪೆಯನ್ನು ಗೋಡೆಯ ಬೇಗೆಯಿಂದ ಈಚೆಗೆ ಎಳೆಯುವುದಕ್ಕೆ ಹಣ ಬೇಕಾಗಿಲ್ಲ.

ದಾನಿಗಳಲ್ಲಿಯೂ ವಿನಯಪೂರ್ವಕವಾದ ಒಂದು ಮಾತು. ಕೋಣೆ ಕಟ್ಟಿಸಿಕೊಡುವ ಉದಾರಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರು ನಕ್ಷೆಯನ್ನು ನೋಡುವಾಗ ಮುಂಭಾಗದ ಅಲಂಕಾರಕ್ಕಿಂತ ಮೊದಲು ಎದುರುಬದುರಿನ ಕಿಟಕಿಯನ್ನೂ ಪಡುವಣ ಗೋಡೆಯ ನೆರಳನ್ನೂ ಕೇಳಲಿ. ಕಟ್ಟಡ ಮುಗಿದ ಮೇಲೆ ಏಪ್ರಿಲ್ ತಿಂಗಳ ಒಂದು ರಾತ್ರಿ ಹತ್ತು ಗಂಟೆಗೆ ಆ ಕೋಣೆಯಲ್ಲಿ ಅರ್ಧ ಗಂಟೆ ಚಾಪೆಯ ಮೇಲೆ ಮಲಗಿ ನೋಡಲಿ. ದೇಹವನ್ನೇ ದೇವಾಲಯವೆಂದು ಭಾವಿಸಿದ ಶರಣರ ಪರಂಪರೆ ನಮ್ಮದು. ಹುಳುವಿಗೆ ಶಾಖವನ್ನೂ ಗಾಳಿಯನ್ನೂ ಅಂತರವನ್ನೂ ಅಳೆದು ಕೊಡಲು ಬಲ್ಲ ಈ ಸೀಮೆಯ ಜನ, ಮಕ್ಕಳು ಮಲಗುವ ಕೋಣೆಗೂ ಅದೇ ಅಳತೆಗೋಲನ್ನು ಹಿಡಿಯುವಂತಾಗಲಿ.